ಅವ್ವನ ಐದು ಮನೆಯ ಸಂಚಿ

ಕ್ರೋಶಾ ಹಾಕುವುದು ಬಹಳ ಸುಲಭ. ಒಂದು ಕೊಕ್ಕೆ ಕಡ್ಡಿ, ಒಂದು ಉಂಡೆ ದಾರ, ಎರಡು ಕೈ. ಮೂರೂ ನನ್ನ ಬಳಿ ಇದ್ದವು!

ಇದರ ಜೊತೆಗೆ ನನಗೆ ಪೂರ್ವಾನುಭವವೂ ಇತ್ತು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವನು ನಾನು. ಹತ್ತಿದ್ದು ಸುಮ್ಮನೆ ಅಲ್ಲ. ಬೆಳಿಗ್ಗೆ ಜಗಳೂರಿನ ಕಾಲೇಜು, ಮಧ್ಯಾಹ್ನದಿಂದ ಮಂಡಿಯಲ್ಲಿ ಮೆಕ್ಕೆಜೋಳದ ಮೂಟೆಗಳ ಬಾಯಿ ಹೊಲಿಯುವ ಕೆಲಸ. ಹಾಗೆ ಮೂರು ವರ್ಷ ದಬ್ಬಣ ಹಿಡಿದು ಬಿ.ಎ. ಮಾಡಿದೆ, ಆಮೇಲೆ ಎಂ.ಎ. ಕೂಡ ಮಾಡಿ ಚನ್ನಗಿರಿಯಲ್ಲಿ ಅರ್ಥಶಾಸ್ತ್ರದ ಮೇಷ್ಟ್ರಾದೆ. ಇಂಥವನಿಗೆ ಬೆರಳುದ್ದದ ಕ್ರೋಶಾ ಕಡ್ಡಿ ಯಾವ ಲೆಕ್ಕ?

ಬೇಸಿಗೆ ರಜೆಯಲ್ಲಿ ಮೊಬೈಲು ನೋಡಿ ನೋಡಿ ಕುತ್ತಿಗೆ ಹಿಡಿದಾಗ ಈ ವಿದ್ಯೆಗೆ ಕೈ ಹಾಕಿದೆ. ಮೊದಲನೆಯ ಯೋಜನೆ, ಸೋಫಾಕ್ಕೆ ಪೂರ್ತಿ ಹೊದಿಕೆ. ಒಂದೂವರೆ ತಿಂಗಳ ನಂತರ ಅದು ಸೋಫಾದ ಒಂದು ಕೈಯನ್ನು ಅರ್ಧ ಮುಚ್ಚಿತು. ನನ್ನ ಹೆಂಡತಿ ಗಿರಿಜಾ ಅದನ್ನು ಎತ್ತಿ ಹಿಡಿದು ಕೇಳಿದಳು:

"ರೀ, ಇದು ಮುಗಿಯೋ ಹೊತ್ತಿಗೆ ಸೋಫಾ ಇರ್ತೈತಾ?"

ಹೊದಿಕೆ ಅಲ್ಲಿಗೆ ನಿಂತಿತು. ಉತ್ಸಾಹವೂ ನಿಂತಿತು. ಅಷ್ಟರಲ್ಲಿ ಅವ್ವನ ಎಲೆಯಡಿಕೆ ಸಂಚಿ ಹರಿಯಿತು.

ಸಂಚಿ ಎಂದರೆ ಅವ್ವನಿಗೆ ಬರೀ ಚೀಲವಲ್ಲ, ಸೊಂಟದಲ್ಲಿರುವ ಸಂಸಾರ. ಎಲೆಗೆ ಒಂದು ಖಾನೆ, ಅಡಿಕೆಗೆ ಒಂದು, ಸುಣ್ಣದ ಡಬ್ಬಿಗೆ ಒಂದು, ಹೊಗೆಸೊಪ್ಪಿಗೆ ಒಂದು, ಲವಂಗಕ್ಕೆ ಒಂದು. ಖಾನೆಗೆ ಅವ್ವ ಮನೆ ಎನ್ನುತ್ತಾಳೆ.

"ನಾನು ಹಾಕಿಕೊಡ್ತೀನಿ ಬಿಡವ್ವ" ಎಂದೆ.

ಅವ್ವನ ಮುಖ ಅರಳಿತು. ಕಾರಣ ಸಂಚಿಯಲ್ಲ, ಹೊನ್ನಾಳಿಯ ಚಿಕ್ಕವ್ವ. ಅವ್ವನ ಈ ತಂಗಿ ಕಂಡಾಗಲೆಲ್ಲ, "ಅಕ್ಕಾ, ನಿನ್ ಮಗಂಗೆ ಪುಸ್ತಕ ಓದೋದು ಬಿಟ್ರೆ ಏನ್ ಮಾಡಾಕೆ ಬರ್ತೈತೆ?" ಎಂದು ಚುಚ್ಚುತ್ತಿದ್ದಳು. ಚಿಕ್ಕವ್ವನಿಗೆ ಕಣ್ಣಿನ ಪೊರೆ ತೆಗೆಸಿದ್ದರು. ಬರುವ ಸೋಮವಾರ ನಾನೂ ಅವ್ವನೂ ನೋಡಲು ಹೋಗಬೇಕಿತ್ತು.

"ಸೋಮವಾರದೊಳಗೆ ಮುಗಿಸು ತಿಪ್ಪೇಶಿ" ಎಂದಳು ಅವ್ವ. "ಹೊಸ ಕಣ್ಣಾಗೆ ಅಕಿ ಮೊದ್ಲು ನಿನ್ ಕೈಕೆಲಸ ನೋಡ್ಲಿ. ಐದು ಮನೆ ಇರ್ಬೇಕು, ಮರೀಬ್ಯಾಡ."

ಪಕ್ಕದ ಮನೆಯ ಶಾಂತಕ್ಕ ಟೈಲರಿಂಗ್ ಜೊತೆಗೆ ಕ್ರೋಶಾವನ್ನೂ ಕಲಿಸುತ್ತಾರೆ. ಸೋಫಾ ಹೊದಿಕೆಗೂ ಅವರೇ ಮೊದಲ ಸಾಲು ಹಾಕಿಕೊಟ್ಟಿದ್ದರು. ದಾರ ಹಿಡಿದು ಅವರ ಬಾಗಿಲಿಗೆ ಹೋದೆ.

"ಎಷ್ಟು ಮನೆ ಹಾಕ್ಲಿ ಮೇಷ್ಟ್ರೇ?" ಎಂದು ಕೇಳಿದರು.

ಇವರಿಗೂ ಸಂಚಿಯ ವಿಷಯ ಗೊತ್ತಿದೆಯಲ್ಲ ಎಂದು ಖುಷಿಯಾಯಿತು. "ಐದು" ಎಂದೆ.

"ಐದೇನಾ?"

"ಅವ್ವ ಖಡಾಖಂಡಿತವಾಗಿ ಹೇಳ್ಯಾಳೆ. ಐದೇ!"

ಶಾಂತಕ್ಕ ಒಂದು ಥರ ನೋಡಿ, ಶುರು ಮಾಡಿ ಕೊಟ್ಟರು. ನಾನು ಮನೆಗೆ ಬಂದು ಎರಡು ದಿನ ಶ್ರದ್ಧೆಯಿಂದ ಸುತ್ತಿದೆ. ಉದ್ದ ಬೆಳೆಯಿತು, ಅಗಲ ಬೆಳೆಯಲಿಲ್ಲ. ಎರಡನೆಯ ದಿನ ಸಂಜೆ ಅವ್ವ ಅದರೊಳಗೆ ಕಿರುಬೆರಳು ತೂರಿಸಿದಳು. ಬೆರಳು ಸಿಕ್ಕಿಕೊಂಡಿತು.

"ಇದೇನೋ, ಒಂದು ಲವಂಗ ಹಿಡಿಯಾಂಗೈತೆ!"

ಓಡಿಹೋಗಿ ಶಾಂತಕ್ಕನನ್ನು ಕೇಳಿದೆ. ಅವರು ನಗು ನಿಲ್ಲಿಸಲು ಸ್ವಲ್ಪ ಸಮಯ ಹಿಡಿಯಿತು. ಕ್ರೋಶಾದಲ್ಲಿ ಮನೆ ಎಂದರೆ ಖಾನೆಯಲ್ಲ, ಕಡ್ಡಿಯಿಂದ ಎಳೆಯುವ ಒಂದೊಂದು ಕುಣಿಕೆಯಂತೆ! ಅವ್ವ ಕೇಳಿದ್ದು ಐದು ಖಾನೆ, ನಾನು ಹಾಕಿಸಿದ್ದು ಐದು ಕುಣಿಕೆ. ಎಂ.ಎ. ಪಠ್ಯದಲ್ಲಿ ಇದು ಇರಲಿಲ್ಲ.

"ತಳ ದ್ವಾಸಿ ಹಂಗೆ ಅಗಲ ಮಾಡ್ಕಳ್ರಿ, ಆಮೇಲೆ ಮ್ಯಾಕೆ ಹೋಗ್ರಿ" ಎಂದು ಹೊಸದಾಗಿ ಹೇಳಿಕೊಟ್ಟರು. ಮೂರೇ ದಿನ ಉಳಿದಿತ್ತು. ತಳವನ್ನು ಮೂಟೆ ಹೊಲಿದ ಹಾಗೆ ಬಿಗಿಯಾಗಿ ಹಾಕಿದೆ. ಮೇಲಕ್ಕೆ ಹೋಗುತ್ತ ಸಮಯ ಸಾಲದೆ ಕುಣಿಕೆಗಳನ್ನು ದೊಡ್ಡದು ಮಾಡಿದೆ. ಸೋಮವಾರ ಬೆಳಿಗ್ಗೆ ಬಸ್ಸಿಗೆ ಅರ್ಧ ಗಂಟೆ ಇರುವಾಗ ಸಂಚಿ ಸಿದ್ಧವಾಯಿತು. ಕೆಂಪು ದಾರ, ಹಸಿರು ಅಂಚು. ಒಳಗೆ ಖಾನೆಗಳಿರಲಿಲ್ಲ.

"ಐದು ಮನೆ ಕೇಳಿದ್ರೆ ಕಲ್ಯಾಣ ಮಂಟಪ ಕಟ್ಟೀಯಲ್ಲೋ!" ಎಂದಳು ಅವ್ವ.

"ಗಾಳಿ ಬೆಳಕು ಚೆನ್ನಾಗೈತೆ" ಎಂದು ಗಿರಿಜಾ ತೂತಿನಲ್ಲಿ ಹೆಬ್ಬೆರಳು ಆಡಿಸಿದಳು.

ಆದರೂ ಅವ್ವ ಎಲ್ಲವನ್ನೂ ಅದರಲ್ಲೇ ತುಂಬಿಕೊಂಡಳು. ಸೊಂಟಕ್ಕೆ ಸಿಕ್ಕಿಸಿದರೆ ಯಾರಿಗೂ ಕಾಣುವುದಿಲ್ಲವೆಂದು ಕೈಯಲ್ಲೇ ಹಿಡಿದಳು.

ಬಸ್ಸು ಚನ್ನಗಿರಿ ದಾಟಿ ಮೊದಲನೆಯ ಹಂಪ್ ಹಾರಿದಾಗ ಸಂಚಿಯ ತೂತುಗಳಿಂದ ನಾಲ್ಕು ಅಡಿಕೆ ಹೋಳು ಹೊರಬಂದು ಡ್ರೈವರ್ ಕಡೆ ಉರುಳಿದವು. ಎರಡನೆಯ ಹಂಪಿಗೆ ಹೊಗೆಸೊಪ್ಪಿನ ಪುಡಿ ಗಾಳಿಗೆ ಹಾರಿತು. ಹಿಂದಿನ ಸೀಟಿನವರು ಸೀನಲು ಶುರು ಮಾಡಿದರು. ಒಂದು, ಎರಡು, ಏಳು!

"ಯಾರ್ರೀ ಅದು, ಮೆಣಸಿನಕಾಯಿ ಚೀಲ ತಂದಿರೋದು?" ಎಂದು ಕಂಡಕ್ಟರ್ ಕೂಗಿದ.

ನಾನು ಕಿಟಕಿಯಿಂದಾಚೆಯ ಗದ್ದೆಗಳನ್ನು ಬಹಳ ಆಸಕ್ತಿಯಿಂದ ನೋಡಿದೆ. ಅವ್ವ ಮಾತ್ರ ತಿರುಗಿ ಹೇಳಿದಳು: "ಸಂಚಿ ಕಣಪ್ಪ. ನನ್ ಮಗ ಹಾಕ್ಯಾನೆ!"

ಹೊನ್ನಾಳಿಯಲ್ಲಿ ಇಳಿದೆವು. ಬಸ್ಸು ನ್ಯಾಮತಿ ಕಡೆಗೆ ಹೊರಟಿತು.

ಇಲ್ಲಿ ಒಂದು ತಾಂತ್ರಿಕ ವಿಷಯ ಹೇಳಬೇಕು. ಕ್ರೋಶಾ ಮುಗಿದ ಮೇಲೆ ಕೊನೆಯ ಕುಣಿಕೆಯೊಳಗೆ ದಾರದ ತುದಿಯನ್ನು ಎಳೆದು ಬಿಗಿಯಬೇಕು. ಬಿಗಿಯದಿದ್ದರೆ ತುದಿ ಎಳೆದಂತೆಲ್ಲ ಇಡೀ ಕೆಲಸ ಸರಸರ ಬಿಚ್ಚಿಕೊಳ್ಳುತ್ತದೆ. ಇದು ನನಗೆ ಹೇಗೆ ಗೊತ್ತೆಂದರೆ, ಆ ತುದಿ ನಮ್ಮ ಸೀಟಿನ ಮೊಳೆಗೆ ಸಿಕ್ಕಿಕೊಂಡಿತ್ತು.

"ಏ ತಿಪ್ಪೇಶಿ, ಯಾರೋ ಸಂಚಿ ಎಳೀತಾರಲ್ಲೋ!"

ನೋಡಿದೆ. ಯಾರೂ ಇರಲಿಲ್ಲ. ಅವ್ವನ ಕೈಯಿಂದ ಬಸ್ಸಿನ ಬಾಗಿಲವರೆಗೆ ಹಸಿರು ಗೆರೆಯೊಂದು ಬಿಗಿದು ನಿಂತಿತ್ತು. ಆಮೇಲೆ ಅದು ಕೆಂಪಾಯಿತು. ಸಂಚಿ ಹೊನ್ನಾಳಿಯಲ್ಲಿತ್ತು, ಅದರ ದಾರ ನ್ಯಾಮತಿಗೆ ಹೊರಟಿತ್ತು! ಅವ್ವನ ಕೈಯಲ್ಲಿ ಸಂಚಿ ಬುಗುರಿಯಂತೆ ತಿರುಗಿತು. ಎಲೆ ಬಿತ್ತು, ಸುಣ್ಣದ ಡಬ್ಬಿ ಬಿತ್ತು, ಲವಂಗ ಎಲ್ಲಿ ಬಿತ್ತೋ ಕಾಣಲೇ ಇಲ್ಲ.

"ನಿಲ್ಲಿಸ್ರೀ! ದಾರ! ನನ್ ದಾರ!" ಎಂದು ಓಡಿದೆ. ಬಸ್ಸು ನಿಂತಿತು. ಕಂಡಕ್ಟರ್ ದಾರವನ್ನು ನೋಡಿದ, ಅವ್ವನನ್ನು ನೋಡಿದ, ಕೊನೆಗೆ ನನ್ನನ್ನು ನೋಡಿದ.

"ಸೀಟಿಗೆ ಟವೆಲ್ ಹಾಕೋರನ್ನ ನೋಡೀನಿ ಸಾರ್. ಬಸ್ಸಿಗೇ ಹಗ್ಗ ಕಟ್ಟೋರನ್ನ ಇವತ್ತೇ ನೋಡಿದ್ದು!"

ದಾರವನ್ನು ಪಟ್ಟನೆ ಹರಿದು ಸೀಟಿ ಊದಿದ. ನನ್ನ ಮೂರು ದಿನದ ದುಡಿಮೆ ಬಸ್ಸಿನ ಬಾಗಿಲಲ್ಲಿ ಬಾಲದಂತೆ ಅಲ್ಲಾಡುತ್ತ ಹೋಯಿತು.

ಅವ್ವನ ಕೈಯಲ್ಲಿ ಉಳಿದದ್ದು ಮೂಟೆಯ ಹಾಗೆ ಬಿಗಿದಿದ್ದ ಆ ತಳ ಮಾತ್ರ. ಅಂಗೈಯಗಲದ ಒಂದು ಕೆಂಪು ಬಿಲ್ಲೆ. ಎಲೆಗಳನ್ನು ಆರಿಸಿ ಸೆರಗಿಗೆ ಕಟ್ಟಿಕೊಂಡು, ಬಿಲ್ಲೆಯನ್ನು ಕೈಯಲ್ಲೇ ಹಿಡಿದು ಅವ್ವ ನಡೆದಳು. ಅವ್ವ ಬೈದಿದ್ದರೆ ಚೆನ್ನಾಗಿರುತ್ತಿತ್ತು. ಚಿಕ್ಕವ್ವನ ಮನೆ ಬರುವವರೆಗೂ ನಾನು ನಾಲ್ಕು ಹೆಜ್ಜೆ ಹಿಂದೆಯೇ ನಡೆದೆ.

ಕಪ್ಪು ಕನ್ನಡಕ ಹಾಕಿಕೊಂಡ ಚಿಕ್ಕವ್ವ ಬೇಡವೆಂದರೂ ಕೇಳದೆ ತಾನೇ ಟೀ ಕಾಸಿ, ಕುದಿಯುವ ಪಾತ್ರೆಯನ್ನು ಸೆರಗಿನಲ್ಲಿ ಹಿಡಿದು ತಂದಳು. ಮುಂದೆ ಪ್ಲಾಸ್ಟಿಕ್ ಟೀಪಾಯಿ. ಇಟ್ಟರೆ ಸುಡುತ್ತದೆ, ಹಿಡಿದರೆ ಕೈ ಸುಡುತ್ತದೆ. "ಅಕ್ಕಾ, ಕೈಯಾಗಿಂದು ಜಲ್ದಿ ಹಾಕೇ ಇಲ್ಲಿ!" ಎಂದು ಕೂಗಿದಳು. ಅವ್ವ ಬಿಲ್ಲೆಯನ್ನು ಟೀಪಾಯಿಯ ಮೇಲೆ ಹಾಕಿದಳು. ಪಾತ್ರೆ ಅದರ ಮೇಲೆ ಸರಿಯಾಗಿ ಕೂತಿತು.

ಚಿಕ್ಕವ್ವ ಬಗ್ಗಿ ನೋಡಿದಳು. "ಎಷ್ಟ್ ಚಂದ ಐತೆ! ಎಲ್ಲಿ ತಂದ್ಯೆ?"

"ತರೋದೇನು? ನನ್ ಮಗ ಮಾಡ್ಯಾನೆ" ಎಂದಳು ಅವ್ವ, ಕಣ್ಣು ಮಿಟುಕಿಸದೆ. "ಬಿಸಿ ಪಾತ್ರೆ ಇಡಾಕೆ ಅಂತ, ನಿನಗೇ ಮಾಡ್ಯಾನೆ."

ನಾನು ಟೀ ಲೋಟದೊಳಗೆ ಮುಖ ಇಟ್ಟೆ.

"ಪರವಾಗಿಲ್ಲ, ಏನೋ ಒಂದು ಬರ್ತೈತೆ" ಎಂದಳು ಚಿಕ್ಕವ್ವ. "ಇನ್ನೊಂದು ನಾಕು ಮಾಡಿಕೊಡಪ್ಪ."

ಅಂದಿನಿಂದ ನಾನು ಬಿಲ್ಲೆ ಬಿಟ್ಟು ಬೇರೇನೂ ಹಾಕುವುದಿಲ್ಲ. ಕಾಲೇಜಿನಿಂದ ಬಂದು ಕೂತರೆ ಊಟದ ಹೊತ್ತಿಗೆ ಒಂದು ಮುಗಿಯುತ್ತದೆ. ಮುಗಿಯುತ್ತದೆ ಎಂಬುದೇ ದೊಡ್ಡ ಸುಖ! ಕೊನೆಯ ಕುಣಿಕೆಯನ್ನು ಬಿಗಿದು, ಮೇಲೆ ಎರಡು ಗಂಟು ಹಾಕುತ್ತೇನೆ. ಹೊನ್ನಾಳಿಗೆ ನಾಲ್ಕು ಹೋದವು. ನಮ್ಮ ಅಡುಗೆಮನೆಯಲ್ಲಿ ಗಿರಿಜಾ ಸಾರಿನ ಪಾತ್ರೆಗೆ ಒಂದು, ಹಾಲಿಗೆ ಒಂದು ಇಟ್ಟುಕೊಂಡಿದ್ದಾಳೆ. ಅವ್ವನಿಗೆ ಬ್ಲೌಸ್ ಪೀಸಿನಲ್ಲಿ ಐದು ಮನೆಯ ಸಂಚಿಯನ್ನು ಅವಳೇ ಹೊಲಿದುಕೊಟ್ಟಳು, ಒಂದೇ ಮಧ್ಯಾಹ್ನದಲ್ಲಿ.

ಆದರೂ ಅವ್ವನಿಗೆ ಏನಾದರೂ ಕೊಡಲೇಬೇಕೆಂಬ ಹಟ ನನಗೆ. ದಪ್ಪ ದಾರ ತಂದು, ನಡುವೆ ಹಳದಿ ಹೂವು ಬರುವ ಹಾಗೆ ಒಂದು ವಿಶೇಷ ಬಿಲ್ಲೆ ಹಾಕಿದೆ. ನೀರಿನ ಚೊಂಬಿನ ಕೆಳಗೆ ಇಟ್ಟುಕೊಳ್ಳಲೆಂದು ಕೊಟ್ಟೆ. ಅವ್ವ ಕಣ್ಣಿಗೊತ್ತಿಕೊಂಡಳು. ಮರುದಿನ ನೋಡಿದರೆ ಚೊಂಬು ನೆಲದ ಮೇಲಿತ್ತು. ಬಿಲ್ಲೆ ಇಲ್ಲ!

"ಎಲ್ಲೈತವ್ವ?"

ಅವ್ವ ಮಂಚದ ಕೆಳಗೆ ತೋರಿಸಿದಳು. ಹಳದಿ ಹೂವು ನಾಲ್ಕು ಮಡಿಕೆಯಾಗಿ ಮಂಚದ ಒಂದು ಕಾಲಿನಡಿ ಮಲಗಿತ್ತು.

"ಮಂಚ ಲಟಲಟ ಅಂತಿತ್ತು ಕಣೋ, ನಿದ್ದಿನೇ ಬರ್ತಿರಲಿಲ್ಲ. ಈಗ ನೋಡು!" ಎಂದು ಅದರ ಮೇಲೆ ಕೂತು ಜೋರಾಗಿ ಅಲ್ಲಾಡಿದಳು. ಮಂಚ ಮಿಸುಕಲಿಲ್ಲ. "ಆ ಕಡೀ ಕಾಲೂ ಒಂಚೂರು ಗಿಡ್ಡ ಐತೆ. ಅದಕ್ಕೂ ಒಂದು ಮಾಡು. ಹೂವು ಗೀವು ಬ್ಯಾಡ."

ನಾನು ಸ್ಕೇಲು ತಂದು ಮಂಡಿಯೂರಿ ಕಾಲಿನ ಅಳತೆ ತೆಗೆದುಕೊಂಡೆ.