ಐರ್ಲೆಂಡಿನ ಕವಿ ಮತ್ತು ನನ್ನ ಕುರ್ಚಿ

ಪುಸ್ತಕದಂಗಡಿಯಲ್ಲಿ ದುಡಿಯುವವನು ಹಾಸ್ಯದ ಪುಸ್ತಕ ಓದಬೇಕಾಗಿಲ್ಲ. ಬಾಗಿಲು ತೆರೆದರೆ ಸಾಕು, ಹಾಸ್ಯ ತಾನೇ ಚಪ್ಪಲಿ ಬಿಟ್ಟು ಒಳಗೆ ಬರುತ್ತದೆ. ಹೈದರಾಬಾದಿನ ಹಿಮಾಯತ್‌ನಗರದ ನಮ್ಮ ಹಳೇ ಪುಸ್ತಕದಂಗಡಿಗಂತೂ ಅದು ದಿನಾ ಬರುತ್ತದೆ, ಒಮ್ಮೊಮ್ಮೆ ಚಪ್ಪಲಿಯನ್ನೂ ಬಿಡದೆ.

ಪಂಥ

ಅಂಗಡಿಯ ಮಾಲಕರು ಕಲಬುರಗಿ ಕಡೆಯವರು. ನಾನೂ ಆ ಕಡೆಯ ಹಳ್ಳಿಯವನೇ ಆದ್ದರಿಂದ ಅವರನ್ನು ಕಾಕಾ ಎನ್ನುತ್ತೇನೆ. ಕಾಕಾ ಯಾವುದೋ ಮೋಹದಲ್ಲಿ ಐರ್ಲೆಂಡಿನ ಒಬ್ಬ ಮಹಾ ಕವಿ, ನಾಟಕಕಾರನ ಸಮಗ್ರ ಬರಹವನ್ನು ಕೊಂಡು ತಂದಿದ್ದರು. ಹಸಿರು ರಟ್ಟು, ಬಂಗಾರದ ಅಕ್ಷರ, ಇಟ್ಟಿಗೆಯಂಥ ಸಂಪುಟಗಳು. ಕವಿಯ ಹೆಸರು ಇಲ್ಲಿ ಬರೆಯುವುದಿಲ್ಲ. ಒಬ್ಬೊಬ್ಬ ಗಿರಾಕಿಗೆ ಒಂದೊಂದು ಥರ ಉಚ್ಚರಿಸಿ, ಈಗ ಯಾವುದು ಸರಿ ಎಂದು ನನಗೂ ತಿಳಿಯದು.

ಅವನ್ನು ಯಾರೂ ಕೊಳ್ಳಲಿಲ್ಲ. ನಾನು ಮಾರುತ್ತೇನೆಂದು ಎದೆ ತಟ್ಟಿ ಹೇಳಿದೆ: "ಕಾಕಾ, ಸಂತ್ಯಾಗ ಒದಿಯೋ ಎಮ್ಮಿ ಮಾರಿದವ ನಾನು. ಒದೀತೈತಿ ಅಂತ ಹೇಳಲಿಲ್ಲ, ಕಳ್ಳರನ್ನ ಹತ್ರ ಸೇರ್ಸೂದಿಲ್ಲ ಅಂದೆ. ಇದ್ಯಾವ ದೊಡ್ಡ ಮಾತು?"

ಅಂಗಡಿಯಲ್ಲಿ ಇರುವುದು ಒಂದೇ ಕುರ್ಚಿ. ಗಲ್ಲಾದ ಹಿಂದೆ, ಫ್ಯಾನಿನ ಕೆಳಗೆ, ಮೆತ್ತನೆ ಗಾದಿ ಹಾಕಿದ್ದು. ಅದರಲ್ಲಿ ಕುಳಿತವನೇ ಅಂಗಡಿಗೆ ದೊರೆ. ಉಳಿದವನು ಹಿಂದಿನ ಗೋದಾಮಿನಲ್ಲಿ ಧೂಳು ಕುಡಿಯಬೇಕು. ಕಾಕಾ ಹೇಳಿದರು: "ದಸರಾದೊಳಗ ಆ ಐರ್ಲೆಂಡಿನವನ್ನ ಮಾರು. ಕುರ್ಚಿ ನಿಂದು. ಇಲ್ಲಂದ್ರ ಜನ್ಮಪೂರ್ತಿ ಗೋದಾಮು."

"ಆತು ಬಿಡ್ರಿ. ಎಮ್ಮೀಗಿಂತ ಇದು ಹಗೂರ."

"ಎಮ್ಮಿ ಹಾಲರ ಕೊಡತಿತ್ತಲೇ ತಮ್ಮಾ," ಎಂದರು ಕಾಕಾ.

ಗಡಿಯಾರದ ಮಹಿಮೆ

ಪಟಾನ್‌ಚೆರುವಿನ ಔಷಧ ಕಾರ್ಖಾನೆಯಿಂದ ನಾಲ್ಕೈದು ಮಂದಿ ಬಂದರು. ಬೀದರ ಕಡೆಯವರು. ಮ್ಯಾನೇಜರ್ ನಿವೃತ್ತಿಯಾಗುತ್ತಾನೆ, ಕಾಣಿಕೆ ಕೊಡಬೇಕು, ಗಡಿಯಾರ ಕೊಳ್ಳುವುದೋ ಪುಸ್ತಕವೋ ಎಂದು ಅವರಲ್ಲೇ ಜಗಳ.

"ಗಡಿಯಾರಕ್ಕ ಒಂದು ಮೊಳಿ ಸಾಕ್ರಿ," ಎಂದೆ. "ಇವನ್ನ ಕೊಟ್ರ ಗ್ವಾಡಿ ತುಂಬ ನಿಮ್ಮ ಹೆಸರು!"

ಒಬ್ಬ ತಲೆ ಕೆರೆದ. "ಅಂವ ನಮ್ಮ ರಜಾ ಅರ್ಜೀನ ಪೂರಾ ಓದಂಗಿಲ್ಲ. ಇಷ್ಟೆಲ್ಲಾ ಓದತಾನ?"

"ಓದ್ಲಿ ಬಿಡೋ," ಎಂದ ಇನ್ನೊಬ್ಬ. "ನಮಗ ಕೊಟ್ಟ ತ್ರಾಸು ಅಂವಗೂ ಗೊತ್ತಾಗ್ಲಿ."

ಗೆದ್ದೆ ಅಂದುಕೊಂಡೆ. ಆದರೆ ಸಂಪುಟಗಳನ್ನು ಎತ್ತಿ ನೋಡಿದವನಿಗೆ ಬಸ್ಸಿನ ನೂಕುನುಗ್ಗಲು ನೆನಪಾಯಿತು. ಗಡಿಯಾರವೇ ಗೆದ್ದಿತು.

ಕೆಲವು ದಿನ ಕಳೆದು ಅವರಲ್ಲೊಬ್ಬ ರಸ್ತೆಯಲ್ಲಿ ಸಿಕ್ಕ. ಮುಖ ಒಣಗಿತ್ತು. "ತಪ್ಪು ಮಾಡಿದ್ವಿರೀ. ಗಡಿಯಾರ ಕೊಟ್ಟ ಮರುದಿನಾನ ಮ್ಯಾನೇಜರಗ ಇನ್ನೊಂದು ವರ್ಷ ಟೈಮ್ ಕೊಟ್ಟಾರ. ನಿಮ್ಮ ಪುಸ್ತಕ ಕೊಟ್ಟಿದ್ರ ಹೋಗೇ ಬಿಡತಿದ್ದ!"

ಅತ್ತೆಯ ಐರಿಷ್ ನಾಟಕ

ಆಮೇಲೆ ಬಂದವರು ಹವ್ಯಾಸಿ ನಾಟಕದ ನಿರ್ದೇಶಕರು, ಗಡ್ಡದವರು. ಹೈದರಾಬಾದಿನ ಕನ್ನಡಿಗರಿಗಾಗಿ ಹೊಸ ನಾಟಕ ಹುಡುಕುತ್ತಿದ್ದರು.

ಐರ್ಲೆಂಡಿನವನನ್ನು ಮುಂದಿಟ್ಟೆ. "ಇಂವನ್ನ ನೀವು ಓದೀರೇನು?" ಎಂದರು.

ಗೋದಾಮಿನ ಧೂಳು ಕಣ್ಣ ಮುಂದೆ ಬಂತು. "ಪೂರಾ ಓದೀನ್ರಿ. ಎರಡು ಸಲ."

"ಒಂದು ನಾಟಕದ ಕಥಿ ಹೇಳ್ರಿ, ಕೇಳೋಣು."

ನಾನು ಒಂದು ಪುಟವನ್ನೂ ತೆರೆದವನಲ್ಲ. ಆದರೆ ಕಥೆಗೆ ನಮ್ಮೂರಲ್ಲಿ ಬರವೇ? ನನ್ನ ಸೋದರತ್ತೆಯ ಕೋಳಿ ಕಳೆದದ್ದನ್ನು ಹೇಳಿದೆ. ಅತ್ತೆ ಊರಿಗೆಲ್ಲ ಶಾಪ ಹಾಕಿ, ಪಕ್ಕದ ಮನೆಯ ಹೊಸ್ತಿಲ ಮೇಲೆ ಧರಣಿ ಕುಳಿತಳು. ಕಡೆಗೆ ಕೋಳಿ ಅವಳದೇ ಜೋಳದ ಬುಟ್ಟಿಯಲ್ಲಿ ಕಾವು ಕೂತದ್ದು ಸಿಕ್ಕಿತು. ಅತ್ತೆ ಎದ್ದು ಸೆರಗು ಸಿಗಿಸಿ, "ಕೋಳಿ ಸಿಕ್ತು, ಖರೆ. ಜಗಳ ಎಲ್ಲಿ ಮುಗೀತು?" ಅಂದಳು.

ನಿರ್ದೇಶಕರು ನನ್ನ ಕೈ ಹಿಡಿದು ಕುಲುಕಿದರು. "ಎಂಥಾ ಕಥಿ ಹೇಳಿದ್ರಿ! ಇನ್ನ ಪುಸ್ತಕ ಯಾಕ ಬೇಕು?" ಎಂದು ನಡೆದೇಬಿಟ್ಟರು.

ನಾಟಕ ಆಯಿತು. 'ಮೂಲ: ಐರಿಷ್' ಎಂದು ಫಲಕ ಹಾಕಿದ್ದರು. ನಾನು ಮುಂದಿನ ಸಾಲಿನಲ್ಲಿ ಕುಳಿತು ನಮ್ಮತ್ತೆಯನ್ನು ನೋಡುತ್ತಿದ್ದೆ. ಪಕ್ಕದಲ್ಲಿದ್ದ ಹಿರಿಯರು ನಿಟ್ಟುಸಿರಿಟ್ಟು ನನ್ನ ಕಡೆ ತಿರುಗಿದರು: "ಪರದೇಶದವರ ಕಲ್ಪನಾನ ಬ್ಯಾರೆ ಬಿಡ್ರಿ. ನಮ್ಮ ಹಳ್ಳ್ಯಾಗ ಇಂಥಾ ಹೆಂಗಸು ಎಲ್ಲಿ ಸಿಗತಾಳ?"

ಪೀಠ

ನವರಾತ್ರಿ ಬಂತು. ಕಾಕಾನ ಹೆಂಡತಿ, ಅಂದರೆ ಕಾಕು, ಪ್ರತಿವರ್ಷ ನವಮಿಗೆ ಅಂಗಡಿಯಲ್ಲಿ ಸರಸ್ವತಿ ಪೂಜೆ ಮಾಡುತ್ತಾರೆ. ಪೂಜೆಗಿಟ್ಟ ಪುಸ್ತಕವನ್ನು ದಶಮಿಯ ಪೂಜೆ ಮುಗಿಯುವವರೆಗೆ ಪೀಠದಿಂದ ಕದಲಿಸಬಾರದು. ಯಾವ ಪುಸ್ತಕ ಇಡುವುದು? ಬಂಗಾರದ ಅಕ್ಷರ ಇದ್ದದ್ದು, ಯಾರೂ ಒಯ್ಯದೆ ಇದ್ದದ್ದು ಐರ್ಲೆಂಡಿನವನದೇ. ರೇಷ್ಮೆ ಸೀರೆ ಹೊದಿಸಿದ ಪೀಠದ ಮೇಲೆ ಅವನನ್ನು ಪೇರಿಸಿ, ಅರಿಸಿನ ಕುಂಕುಮ ಹಚ್ಚಿ, ಮೇಲೆ ದೇವಿಯ ಪಟ, ಚೆಂಡು ಹೂವಿನ ಹಾರ. ಕಾಕಾ ಆ ದಿನ ಯಾಕೋ ನಿಂತೇ ಇದ್ದರು. ನಾನು ಗಮನಿಸಲಿಲ್ಲ. ನನ್ನ ಗಮನವೆಲ್ಲ ಮರುದಿನ ಮುಗಿಯುವ ಗಡುವಿನ ಮೇಲೆ.

ಅಂದೇ ಮಧ್ಯಾಹ್ನ ಮಲ್ಕಾಜ್‌ಗಿರಿಯಿಂದ ನಿವೃತ್ತ ರೈಲ್ವೆ ಸಾಹೇಬರೊಬ್ಬರು ಬಂದರು. ಪೀಠ ನೋಡಿದವರೇ ಕೈ ಮುಗಿದರು, ದೇವಿಗಲ್ಲ, ಕವಿಗೆ. "ನೌಕರಿಗೆ ಸೇರಿದಾಗಿಂದ ಇವನ್ನ ಹುಡುಕಾಕತ್ತೀನಿ! ಈಗಲೇ ಕೊಡ್ರಿ."

"ನಾಳೆ ಪೂಜಿ ಆದ ಮ್ಯಾಲ ಒಯ್ರಿ," ಎಂದರು ಕಾಕು.

"ತಾಯಿ, ನನ್ನ ಹೆಂಡ್ತಿ ಹೂಂ ಅಂದಿರೂದು ಇವತ್ತು. ನಾಳೆ ಏನಂತಾಳೋ ಆ ದೇವಿಗೂ ಗೊತ್ತಿಲ್ಲ."

ನನ್ನ ಕುರ್ಚಿ ಕೈ ಜಾರುತ್ತಿತ್ತು. ಆದರೆ ಒದೆಯುವ ಎಮ್ಮೆ ಮಾರಿದವನ ತಲೆ ಸುಮ್ಮನಿರುತ್ತದೆಯೇ? "ಕಾಕು, ಪುಸ್ತಕ ಪೀಠದ ಮ್ಯಾಲಿಂದ ತಗೀಬಾರದು, ಹೌದಿಲ್ರೀ? ಪೀಠನ ಹೋದ್ರ?"

ಕಾಕು ಕ್ಷಣ ಯೋಚಿಸಿದರು. "ಪಲ್ಲಕ್ಕ್ಯಾಗ ದೇವರು ಹೋಗೂದಿಲ್ಲೇನು? ಹೋಗಬಹುದು."

ಕಾಕಾ ಏನೋ ಹೇಳಲು ಬಾಯಿ ತೆರೆದರು. "ನೀವು ಸುಮ್ಮನಿರ್ರಿ, ಇದು ಶಾಸ್ತ್ರದ ಮಾತು," ಎಂದು ಕಾಕು ಮುಚ್ಚಿಸಿದರು.

ಹೂವು, ಪಟ, ಸೀರೆ ಸಮೇತ ಪೀಠವನ್ನು ಟ್ರಾಲಿ ಆಟೋಕ್ಕೆ ಏರಿಸಿದೆವು. ದೇವಿ ಎಲ್ಲಿ ಇಳಿಯುತ್ತಾಳೆಂದು ಡ್ರೈವರ್ ಗೌರವದಿಂದ ಕೇಳಿದ: "ಮಾತಾಜೀ ಕಾಂ ಉತರ್‌ತೀಂ?" ಸಾಹೇಬರು ಹಿಂದೆ ಕುಳಿತು ಒಂದು ಕೈಯಲ್ಲಿ ದೇವಿಯನ್ನು, ಒಂದು ಕೈಯಲ್ಲಿ ಕವಿಯನ್ನು ಅಪ್ಪಿಕೊಂಡಿದ್ದರು. ಸಿಗ್ನಲ್ಲಿನಲ್ಲಿ ಜನ ಕೈ ಮುಗಿದರು. ಒಬ್ಬ ಅಜ್ಜಿ ಐರ್ಲೆಂಡಿನವನ ಕುಂಕುಮ ಹಣೆಗಿಟ್ಟುಕೊಂಡಳು.

ಮಲ್ಕಾಜ್‌ಗಿರಿಯಲ್ಲಿ ಸಾಹೇಬರ ಹೆಂಡತಿ ಬಾಗಿಲು ತೆರೆದು ಬೆರಗಾದರು, ಓಡಿಹೋಗಿ ಆರತಿ ತಂದರು. "ದೇವಿ ತಾನಾಗೇ ಮನೀಗೆ ಬಂದು ಕೂತಾಳ. ಇನ್ನ ಕಳಸೂ ಮಾತ ಇಲ್ಲ. ಪೀಠ ಸಹಿತ ಇಲ್ಲೇ ಇರ್ಲಿ!"

"ಇರ್ಲಿ ಬಿಡ್ರೀ ತಾಯಿ," ಎಂದೆ ಧಾರಾಳವಾಗಿ. ಒಂದು ಪೀಠ ಹೋದರೆ ನನ್ನ ಗಂಟೇನು ಹೋಗುತ್ತದೆ?

ಮೀಸೆ ತಿರುವುತ್ತ ಅಂಗಡಿಗೆ ಬಂದೆ. ಗಲ್ಲಾದ ಹಿಂದೆ ಹೋದೆ. "ಕಾಕಾ, ಮಾರಿದೆ!" ಎಂದು ದೊರೆಯ ಗತ್ತಿನಲ್ಲಿ ಕುಳಿತೆ. ಕುಳಿತದ್ದು ನೆಲದ ಮೇಲೆ, ಅಂಗಾತ.

ಕಾಕಾ ಗಲ್ಲಾದ ಮೇಲಿಂದ ಬಗ್ಗಿ ನನ್ನನ್ನು ನೋಡಿದರು. "ಶಾಬ್ಬಾಸ್. ಮಾತಂದ್ರ ಮಾತು, ಕುರ್ಚಿ ನಿಂದ. ದಿನಾ ಮುಂಜಾನೆ ಮಲ್ಕಾಜ್‌ಗಿರಿಗೆ ಹೋಗಿ ಕುಂತು ಬಾ."