ಏನೂ ಆಗದ ದಿನದ ಖರ್ಚು

ನಮ್ಮ ಮಾಮಾ ದಿನಗಳನ್ನು ಮಾರುತ್ತಾರೆ. ನಿಮಗೆ ಬೇಕಿದ್ದರೆ ಮಾರ್ಚ್ ಹನ್ನೊಂದು ಈಗಲೂ ಸಿಗಬಹುದು. ದೀಪಾವಳಿ ಮಾತ್ರ ಕೇಳಬೇಡಿ, ಅದು ಹೋಗಿ ಬಹಳ ಕಾಲವಾಯಿತು.

ಇದರಲ್ಲಿ ಮೋಸವಿಲ್ಲ, ಕೇಳಿ. ಬೆಳಗಾವಿಯ ನಾಲ್ಕೈದು ಜನ ಬಿಡುವಿನಲ್ಲಿ ಕೂತು ಒಂದು ತಂತ್ರಾಂಶ ಮಾಡಿದರು. ಫೋನನ್ನು ಪತ್ರಿಕೆಯ ಮೇಲೆ ಹಿಡಿದರೆ ಕನ್ನಡವೋ ಮರಾಠಿಯೋ, ಗಟ್ಟಿಯಾಗಿ ಓದಿ ಹೇಳುತ್ತದೆ, ಕಣ್ಣು ಕಾಣದವರಿಗಾಗಿ. ಮಾಡಿದವರು ಪುಕ್ಕಟೆ ಮಾಡಿದರು, ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಬಿಚ್ಚಿ ತಿದ್ದಲೂಬಹುದು. ಅದು ಕೂತು ಕೆಲಸ ಮಾಡುವ ಸರ್ವರ್ ಮಾತ್ರ ಇಷ್ಟು ಉದಾರಿಯಲ್ಲ. ಅದಕ್ಕೆ ಗಂಟೆ ಲೆಕ್ಕದಲ್ಲಿ ಬಾಡಿಗೆ. ಉದ್ಯಮಬಾಗದ ಫೌಂಡ್ರಿಯಲ್ಲಿ ಫೋರ್‌ಮನ್ ಆಗಿದ್ದು ನಿವೃತ್ತರಾದ ಮಾಮಾಗೆ ತಂತ್ರಾಂಶದ ಒಂದು ಸಾಲೂ ಬರೆಯಲು ಬಾರದ ಕಾರಣ, ಆ ಗುಂಪಿನಲ್ಲಿ ಬಾಡಿಗೆ ಹೊಂದಿಸುವ ಕೆಲಸ ಬಂತು.

ಮಾಮಾ ಮಠದ ದಾಸೋಹದ ದಾರಿ ಹಿಡಿದರು. ಒಂದು ದಿನದ ಖರ್ಚು ಒಬ್ಬರದು, ಪ್ರತಿ ವರ್ಷ. ಆ ದಿನ ತಂತ್ರಾಂಶ ಮೊದಲು ಅವರು ಹೇಳಿದ ಹೆಸರನ್ನು ಓದಿ, ಆಮೇಲೆ ಪತ್ರಿಕೆಗೆ ಬರುತ್ತದೆ. ಯಾರೂ ಹಿಡಿಯದ ದಿನ? ಬಂದ್. “ಉದ್ರಿ ನಡಿಸಿದ್ರ ಯಾವನೂ ಕೊಡಂಗಿಲ್ಲ” ಎನ್ನುವುದು ಮಾಮಾನ ಅರ್ಥಶಾಸ್ತ್ರ. ನಡೆಸುವವರು ತಾವೇ ದಿನ ಕೊಳ್ಳಬಾರದು ಎನ್ನುವುದೂ ಅವರದೇ ಕಾನೂನು.

ತೊಂದರೆ ಪಂಚಾಂಗದಿಂದ ಬಂತು. ಜೈನ ಜವಳಿ ವ್ಯಾಪಾರಿಯೊಬ್ಬರು ತಾಯಿಯ ತಿಥಿ ಹಿಡಿದಿದ್ದರು. ಪೀರನವಾಡಿಯ ಗುಜರಿ ವ್ಯಾಪಾರಿ ತಂದೆ ತೀರಿದ ದಿನವನ್ನು ಚಂದ್ರನ ಲೆಕ್ಕದಲ್ಲಿ. ಎರಡೂ ಪ್ರತಿ ವರ್ಷ ಸರಿಯುವ ದಿನಗಳು. ಒಂದು ವರ್ಷ ಸರಿದು ಸರಿದು ಒಂದೇ ದಿನಕ್ಕೆ ಬಂದು ಕೂತವು. ಪಂಚಾಯಿತಿ ನಡೆದದ್ದು ಉದ್ಯಮಬಾಗದ ಚಹಾದಂಗಡಿಯಲ್ಲೋ ಪಕ್ಕದ ಮಚ್ಛೆ ಊರಿನಲ್ಲೋ ಖಾತ್ರಿಯಿಲ್ಲ. ಚಹಾ ಇದ್ದದ್ದು ಖಾತ್ರಿ.

“ತಿಥಿ ಅಂದ್ರ ತಿಥಿನರೀ. ನಾ ಹ್ಯಾಂಗ ಸರಸ್ಲಿ?” ಎಂದರು ಜವಳಿಯವರು.

“ನಮ್ಮ ಅಬ್ಬಾಂದೂ ಚಾಂದ್ ನೋಡೇ ಬರ್ತದರೀ. ಚಾಂದ್‌ಗ ಹೇಳ್ರಿ,” ಎಂದರು ಗುಜರಿಯವರು.

“ಜಗಳ ಯಾಕ? ಮುಂಜಾನಿ ತಾಯಿ, ಮಧ್ಯಾಹ್ನದ ಮ್ಯಾಲ ಅಬ್ಬಾ,” ಎಂದು ಮಾಮಾ ದಿನವನ್ನು ಸೀಳಿದರು. ಇಬ್ಬರೂ ಅರ್ಧರ್ಧ ಕೊಟ್ಟು, ಕೈ ಕುಲುಕಿ, ಒಂದೇ ಬೈಕಿನಲ್ಲಿ ಹೋದರು. ಎರಡು ದಿನದ ಬಾಡಿಗೆ ಬರಬೇಕಾದಲ್ಲಿ ಒಂದೇ ಬಂದು, ತಮ್ಮದೊಂದು ದಿನ ಕಳೆದುಹೋದದ್ದು ಮಾಮಾಗೆ ಹೊಳೆದದ್ದು ಆಮೇಲೆ.

ಹುಟ್ಟಿದ್ದಕ್ಕೆ, ಮದುವೆಗೆ, ಸಾವಿಗೆ ಜನ ಕೈ ಬಿಚ್ಚುತ್ತಾರೆ. ಉಳಿದ ದಿನಗಳು ಯಾರವು? ಈ ಪ್ರಶ್ನೆ ನಿಜವಾಗಿ ಕಾಡುತ್ತಿದ್ದದ್ದು ಖಾನಾಪುರದ ನಿವೃತ್ತ ಶಿಕ್ಷಕಿಯೊಬ್ಬರನ್ನು. ಟೀಚರಮ್ಮ ಎನ್ನುವಂತೆ ಊರಿಗೆಲ್ಲ ಅವರು ಬಾಯಾರು. ಕಣ್ಣು ಹೋದ ಮೇಲೆ ಪತ್ರಿಕೆಗೆ ಅವರಿಗೆ ಇದೊಂದೇ ದಾರಿ. ಪಿಂಚಣಿಯಲ್ಲಿ ಮೂರು ದಿನ ಹಿಡಿದಿದ್ದಾರೆ. ಬಂದ್ ಇದ್ದ ದಿನ ಮಾಮಾಗೆ ಫೋನ್ ಬರುತ್ತದೆ: “ಇವತ್ತ ಜಗತ್ತಿನ್ಯಾಗ ಏನೂ ಆಗಿಲ್ಲೇನ್ರಿ?”

ಕಳೆದ ತಿಂಗಳು ಮಾಮಾ ನನ್ನನ್ನು ಹಿಡಿದರು. “ನಾಳಿದ್ದು ಖಾಲಿ ಐತಿ. ಬಾಯಾರ ಕಡೆ ಮತ್ತ ಬೈಸ್ಕೊಳ್ಳಾಕ ನನ್ನ ಕಡೆ ಆಗಂಗಿಲ್ಲ. ನಿಮ್ಮವ್ವನ ಹೆಸರಲೆ ಹಿಡಿ.”

ನಾನು ಅಲ್ಲಿಯವರೆಗೆ ಯಾವ ದಿನವನ್ನೂ ಹಿಡಿದಿರಲಿಲ್ಲ. ಅವ್ವ ತೀರಿಕೊಂಡ ದಿನ ಎಷ್ಟು ಅಚ್ಚುಕಟ್ಟಾಗಿ ನೆನಪಿದೆಯೆಂದರೆ ನಾನದನ್ನು ನಂಬುವುದಿಲ್ಲ. ಆಸ್ಪತ್ರೆಯ ಕಿಟಕಿ, ಕೊನೆಯ ಮಾತು, ಎಲ್ಲವೂ ಹೇಳಿ ಹೇಳಿ ಇಸ್ತ್ರಿಯಾಗಿವೆ.

“ಅವ್ವ ಹೋಗಿದ್ದು ಅವತ್ತಲ್ರೀ ಮಾಮಾ. ಹುಟ್ಟಿದ್ದೂ ಅಲ್ಲ.”

“ಗೊತ್ತೈತಿ. ನಿನಗ ಅವ್ವ ಆಗೂಕಿಂತ ಮದಲ ನನಗ ಅಕ್ಕ ಆಕಿ.”

“ಮತ್ತ ಅವತ್ತೇನಾಗಿತ್ತು?”

“ಏನೂ ಆಗಿಲ್ಲ. ಅದಕ್ಕ ಹೇಳಾಕತ್ತೇನಿ. ಅಕ್ಕ ಸತ್ತಿದ್ದು ಒಂದ ದಿನ. ಏನೂ ಆಗದ ದಿನಾ ಭಾಳ ಬದುಕ್ಯಾಳ.”

ಹಣ ಕೊಟ್ಟೆ. ಆ ದಿನ ಬೆಳಿಗ್ಗೆ ಮಾಮಾನಿಂದ ನಂಬರ್ ಪಡೆದು ಬಾಯಾರು ನನಗೇ ಫೋನ್ ಮಾಡಿದರು.

“ಪೇಪರಿನ ಮದಲ ನಿಮ್ಮ ತಾಯಿ ಹೆಸರು ಕೇಳಿದೆ. ಇವತ್ತೇನ ವಿಶೇಷರೀ?”

“ಏನೂ ಇಲ್ರೀ ಬಾಯಾರ. ಇಂಥಾ ದಿನಾ ಮನ್ಯಾಗ ಕುಂತು ರೊಟ್ಟಿ ಬಡಿತಿದ್ಲು.” ಆಮೇಲೆ ಸೇರಿಸಿದೆ: “ಬಡಿತಿದ್ಲು ಅಂತ ನನಗ ನೆನಪು. ಖಾತ್ರಿ ಇಲ್ಲ.”

ಆ ಕಡೆ ಪತ್ರಿಕೆ ಮಡಚಿದ ಸಪ್ಪಳ ಕೇಳಿಸಿತು.

“ಬಡದಿರ್ತಾರ ಬಿಡ್ರಿ,” ಎಂದರು ಬಾಯಾರು.