ಪರದೆಯ ಹಿಂದಿನ ವಾದ್ಯ

ಪ್ರದರ್ಶನ ಕಲೆಗಳ ಕಾಲೇಜಿನಲ್ಲಿ ಮುಖ ನೋಡಿ ಮಣೆ ಹಾಕುವ ಪದ್ಧತಿಯನ್ನು ಸಂಪೂರ್ಣವಾಗಿ ರದ್ದುಪಡಿಸಲಾಗಿದೆ. ಅಲ್ಲಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಪ್ರವೇಶ ಪರೀಕ್ಷೆಗೆ ಬಂದ ಮಕ್ಕಳು ದಪ್ಪ ಪರದೆಯ ಹಿಂದೆ ನಿಂತು ಹಾಡಬೇಕು, ಕುಣಿಯಬೇಕು, ನಟಿಸಬೇಕು. ಮೂವರು ಪರೀಕ್ಷಕರು ಈಚೆ ಕೂತು ಬರೀ ಕಿವಿಯಿಂದ ಅಂಕ ಕೊಡಬೇಕು. ಪರದೆ ಸರಬರಾಜಿನ ಗುತ್ತಿಗೆ ಪ್ರಾಂಶುಪಾಲರ ಭಾವಮೈದುನನದು. ಟೆಂಡರ್ ತೆರೆಯುವಾಗಲೂ ನಡುವೆ ಪರದೆ ಕಟ್ಟಿದ್ದರಿಂದ ಆ ಆಯ್ಕೆಯೂ ನಿಷ್ಪಕ್ಷಪಾತವೇ.

ಈ ಸುಧಾರಣೆಯ ನಂತರ ನೃತ್ಯ ವಿಭಾಗಕ್ಕೆ ಭಾರಿ ಹೆಜ್ಜೆಯ ಮಕ್ಕಳೇ ಸೇರಿ, ಕೆಳಗಿನ ಮಹಡಿಯ ಗಾರೆ ಉದುರತೊಡಗಿತು. ಮೂಕಾಭಿನಯ ವಿಭಾಗಕ್ಕೆ ಮಾತ್ರ ವರ್ಷಗಳಿಂದ ಒಂದು ನರಪಿಳ್ಳೆಯೂ ಆಯ್ಕೆಯಾಗಿಲ್ಲ. ಅದಕ್ಕೊಬ್ಬ ಮೇಷ್ಟ್ರಿದ್ದಾರೆ, ಒಂದು ಕೋಣೆಯಿದೆ. ಗದ್ದಲವಿಲ್ಲದ ವಿಭಾಗಕ್ಕೆ ಕೊಡುವ ಶಿಸ್ತಿನ ಬಹುಮಾನ ಪ್ರತಿ ಸಲವೂ ಅದಕ್ಕೇ.

ಇಂಥ ಕಾಲೇಜಿಗೆ ಒಬ್ಬ ಕ್ಷೌರಿಕ ತನ್ನ ಮಗಳನ್ನು ಕರೆದುಕೊಂಡು ಬಂದ. ಅವನ ಅಂಗಡಿಯಲ್ಲಿ ಕತ್ತರಿಗಿಂತ ಬಾಯಿ ಚುರುಕು. ಮಗಳೋ, ಕೇಳಿದ್ದಕ್ಕೂ ತಲೆಯಾಡಿಸಿ ಮುಗಿಸುವವಳು. ಆದರೆ ಮೂಲೆಯ ಸ್ಟೂಲಿನಲ್ಲಿ ಕೂತು ಕನ್ನಡಿಯಲ್ಲಿ ಗಿರಾಕಿಗಳನ್ನು ನೋಡಿ ನೋಡಿ, ಅವರು ಎದ್ದು ಹೋದ ಮೇಲೆ ಅದೇ ಕುರ್ಚಿಯಲ್ಲಿ ಕೂತು ಅವರೇ ಆಗಿಬಿಡುತ್ತಿದ್ದಳು. ನೊರೆ ಮೂಗಿಗೆ ಹೋದವನು, ಇಲ್ಲದ ಕೂದಲಿಗೆ ಬೈತಲೆ ಹುಡುಕುವವನು, ಕತ್ತರಿ ಕಿವಿಯ ಹತ್ತಿರ ಬಂದರೆ ಉಸಿರು ಹಿಡಿಯುವವನು. ಅಪ್ಪ ನಕ್ಕು ನಕ್ಕು ಕತ್ತರಿ ಕೆಳಗಿಡುತ್ತಿದ್ದ. ಮೂಕಾಭಿನಯ ಕಲಿಯಬೇಕು ಅನ್ನುವುದೊಂದೇ ಅವಳ ಆಸೆ. ಈ ಸಲ ಸೀಟು ಸಿಗದಿದ್ದರೆ ಸೋದರತ್ತೆಯ ಜೆರಾಕ್ಸ್ ಅಂಗಡಿಯೇ ಗತಿ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು.

"ಮೂಕಾಭಿನಯಾನಾ?" ಕೌಂಟರಿನ ಗುಮಾಸ್ತ ತಲೆಯೆತ್ತಿದ. "ಪರದೆ ಹಿಂದೆ ಮಾಡ್ಬೇಕಾಗುತ್ತೆ."

"ಪರದೆ ಹಿಂದೆ ಮಾಡಿದ್ರೆ ಅವರಿಗೆ ಕಾಣ್ಸುತ್ತಾ ಸ್ವಾಮಿ?"

"ಕಾಣ್ಬಾರ್ದು ಅಂತಾನೇ ಅಲ್ವೇನ್ರೀ ಪರದೆ ಹಾಕಿರೋದು?"

ಮಾತು ನ್ಯಾಯವಾಗಿತ್ತು. ಪೋಷಕರು ಜೊತೆಗಿರಬಹುದೆಂಬ ನಿಯಮವಿದ್ದುದರಿಂದ ಅಪ್ಪನೂ ಪರದೆಯ ಹಿಂದೆ ಹೋಗಿ ಗೋಡೆಗೆ ಅಂಟಿಕೊಂಡು ನಿಂತ. ಗಂಟೆ ಹೊಡೆಯಿತು. ಮಗಳು ಇಲ್ಲದ ಕುರ್ಚಿಯಲ್ಲಿ ಕೂತಳು, ಇಲ್ಲದ ಬಟ್ಟೆಯನ್ನು ಕುತ್ತಿಗೆಗೆ ಸುತ್ತಿಸಿಕೊಂಡಳು. ಅಷ್ಟು ಚೆನ್ನಾಗಿ ಅವಳು ಅಂಗಡಿಯಲ್ಲೂ ಮಾಡಿರಲಿಲ್ಲ.

"ಏನೂ ಕೇಳಿಸ್ತಿಲ್ಲ," ಎಂದರು ಆಚೆಯಿಂದ ಒಬ್ಬ ಪರೀಕ್ಷಕರು. "ಗೈರುಹಾಜರಿ ಅಂತ ಬರ್ಕೊಳ್ಳಿ."

ಅಪ್ಪ ಗೋಡೆ ಬಿಟ್ಟು ಮುಂದೆ ಬಂದ. "ಅಯ್ಯಯ್ಯೋ, ಇಲ್ಲೇ ಇದಾಳೆ ಸ್ವಾಮಿ! ಈಗ ನೋಡಿ, ನೊರೆ ಹಚ್ಚಿಸ್ಕೊಂಡ್ಲು. ಮೂಗಿನೊಳಗೆ ಹೋಯ್ತು! ಸೀನು ಬರ್ತಿದೆ, ಆದ್ರೆ ಕುತ್ತಿಗೆ ಮೇಲೆ ಕತ್ತಿ ಇದೆ, ಸೀನೋ ಹಾಗಿಲ್ಲ. ತಡ್ಕೊಂಡ್ಲು... ತಡ್ಕೊಂಡ್ಲು... ಕಣ್ಣು ಮೇಲಕ್ಕೆ ಹೋಯ್ತು... ದೇವ್ರೇ, ಕಾಲಿನ ಹೆಬ್ಬೆರಳಲ್ಲಿ ಸೀನ್ತಾ ಇದಾಳೆ!"

ಆಚೆ ಕುರ್ಚಿಯೊಂದು ಉರುಳಿದ ಸದ್ದಾಯಿತು. ಮೂವರೂ ಬಿದ್ದು ಬಿದ್ದು ನಗುತ್ತಿದ್ದರು.

ಸಂಜೆ ಫಲಕದ ಮೇಲೆ ಪ್ರಕಟಣೆ ಬಂತು: "ಸದರಿ ಅಭ್ಯರ್ಥಿಯನ್ನು ಕಥನಕಲೆ ವಿಭಾಗಕ್ಕೆ ಪ್ರಥಮ ಸ್ಥಾನದಲ್ಲಿ ಆಯ್ಕೆ ಮಾಡಲಾಗಿದೆ. ದನಿ ತುಸು ಒರಟು. ವಯಸ್ಸಿಗೆ ಬಂದ ಮೇಲೆ ಸರಿಹೋಗತಕ್ಕದ್ದು."

"ಅದು ನನ್ನ ದನಿ!" ಎಂದು ಅಪ್ಪ ಕೌಂಟರಿಗೆ ಓಡಿದ. "ಸೀಟು ಬೇಕಾಗಿರೋದು ಮಗಳಿಗೆ."

"ದನಿ ಯಾರದೋ ಸೀಟು ಅವರದು. ನಾಳೆ ಬೆಳಗ್ಗೆ ಪಾಠ ಶುರು."

"ಅವಳಿಲ್ದೆ ನಂಗೆ ಒಂದು ಕಥೇನೂ ಬರಲ್ಲ ಸ್ವಾಮಿ. ಅವಳನ್ನ ನೋಡ್ಕೊಂಡು ತಾನೇ ಹೇಳಿದ್ದು!"

ಗುಮಾಸ್ತ ಪೆನ್ನಿನಿಂದ ಕಿವಿ ಕೆರೆದುಕೊಂಡ. "ತಬಲಾ ಇಲ್ದೆ ತಬಲದೋನು ಏನು ಮಾಡ್ತಾನೆ? ಹಾಗೇ ಅಲ್ವಾ? ಅಂದ್ರೆ ಇವಳು ನಿಮ್ಮ ವಾದ್ಯ. ಮೊದ್ಲೇ ಹೇಳೋಕೇನಾಗಿತ್ರೀ?" ಅವನು ನಿಯಮ ಓದಿದ: "ವಿದ್ಯಾರ್ಥಿಯು ತನ್ನ ಕಲೆಗೆ ಅನಿವಾರ್ಯವಾದ ಒಂದು ವಾದ್ಯವನ್ನು ಆವರಣದೊಳಗೆ ತರಬಹುದು. ಅದಕ್ಕೆ ತೇವ ತಗಲದಂತೆ ನೋಡಿಕೊಳ್ಳತಕ್ಕದ್ದು."

ಅಪ್ಪ ಮಗಳ ಮುಖ ನೋಡಿದ. ಅವಳು ಆಗಲೇ ತಲೆಯಾಡಿಸಿ, ಭುಜ ಬಿಗಿದು, ವೀಣೆಯಂತೆ ಗೋಡೆಗೆ ಒರಗಿ ನಿಂತಿದ್ದಳು.

"ಈ ವಯಸ್ಸಲ್ಲಿ ಕಾಲೇಜು!" ಎಂದಳು ಹೆಂಡತಿ ಮನೆಯಲ್ಲಿ. ಆಮೇಲೆ ಸ್ವಲ್ಪ ಯೋಚಿಸಿ, "ಡಬ್ಬಿ ಇಬ್ರಿಗೂ ಕಟ್ಲಾ, ಇಲ್ಲ ವಾದ್ಯ ಊಟ ಮಾಡಲ್ವಾ?" ಎಂದು ಕೇಳಿದಳು.

ಪಾಠದ ವೇಳೆ ವಾದ್ಯಗಳನ್ನು ಇಡುವುದಕ್ಕೆ ಕಾಲೇಜಿನಲ್ಲಿದ್ದ ಖಾಲಿ ಕೋಣೆ ಒಂದೇ, ಮೂಕಾಭಿನಯ ವಿಭಾಗ. ಮರುದಿನ ಅಪ್ಪ ಮಗಳನ್ನು ಅಲ್ಲಿ ಒಪ್ಪಿಸಿದ. ಮೇಷ್ಟ್ರು ತಂಬೂರಿಗಳ ನಡುವೆ ಕೂತು ಧೂಳು ಒರೆಸುತ್ತಿದ್ದರು. ಮಗಳು ಅವರೆದುರು ಇಲ್ಲದ ಕುರ್ಚಿಯಲ್ಲಿ ಕೂತು, ನೊರೆ ಹಚ್ಚಿಸಿಕೊಂಡಳು. ಮೇಷ್ಟ್ರ ಕೈಯ ಬಟ್ಟೆ ಹಾಗೇ ನಿಂತಿತು. ಅವರು ಎದ್ದು ಬಂದು, ಇಲ್ಲದ ಕತ್ತಿಯನ್ನು ಮಸೆದು, ಅವಳ ಗದ್ದ ಎತ್ತಿ ಹಿಡಿದರು. ಆ ಕೋಣೆಗೆ ಪರದೆ ಇರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅಪ್ಪನಿಗೆ ಖುಷಿಗೆ ಅಳುವೇ ಬಂತು.

ಕೋರ್ಸು ಸುಸೂತ್ರವಾಗಿ ಮುಗಿಯಿತು. ಘಟಿಕೋತ್ಸವದಲ್ಲಿ ಅಪ್ಪನಿಗೆ ಪದವಿ ಕೊಟ್ಟರು. ಮಗಳ ಕೊರಳಿಗೆ ಒಂದು ಚೀಟಿ ಕಟ್ಟಿದರು: "ಸುಸ್ಥಿತಿಯಲ್ಲಿದೆ. ಹೊರಗೆ ಒಯ್ಯಬಹುದು." ಡೋಲು ಕಡ ಕೇಳಲು ಬಂದಿದ್ದ ಒಂದು ನಾಟಕ ತಂಡದವರು, ಡೋಲು ಬಿಟ್ಟು ಅವಳನ್ನೇ ಒಯ್ದರು.

ಮೊದಲ ಪ್ರದರ್ಶನಕ್ಕೆ ಜನ ಕಿಕ್ಕಿರಿದಿದ್ದರು. ಪರದೆ ಮೇಲೆದ್ದಿತು, ಎದ್ದದ್ದು ಇಳಿಯಲಿಲ್ಲ. ಹೆಬ್ಬೆರಳ ಸೀನು ಬಂದಾಗ ಇಡೀ ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಅಪ್ಪ ಒಂದು ಮಾತೂ ಆಡಬೇಕಾಗಲಿಲ್ಲ.

ಪಕ್ಕದಲ್ಲಿ ಕೂತಿದ್ದ ಜೆರಾಕ್ಸ್ ಅಂಗಡಿಯ ಸೋದರತ್ತೆ ಕಣ್ಣೊರೆಸಿಕೊಂಡು ಪಿಸುಗುಟ್ಟಿದಳು. "ಎಷ್ಟು ಚೆನ್ನಾಗಿ ಮಾಡ್ತಾಳಪ್ಪಾ! ಯಾವ ಕೋರ್ಸು?"

"ಕೋರ್ಸು ನಂದು," ಎಂದ ಅಪ್ಪ. "ಅವಳು ವಾದ್ಯ."

ಅತ್ತೆ ತಲೆದೂಗಿದಳು. "ಹಾಗಾದ್ರೆ ನಮ್ಮ ಹುಡುಗನ್ನೂ ಅಲ್ಲಿಗೇ ಹಾಕ್ಬೇಕು. ಅರ್ಜಿ ಯಾವಾಗ ಕೊಡ್ತಾರೆ? ನಂಗೂ ಅಷ್ಟೋ ಇಷ್ಟೋ ಹಾಡೋಕೆ ಬರುತ್ತೆ."